ಚುಕ್ಕೆ ನೋಡಿ ಮರುಳಾಗಬೇಡಿ



ನಿಮ್ಮ ಮನೆಯ ಟ್ರಂಕಿನ ತಳದಲ್ಲಿ ಅಜ್ಜಿ ಗಂಟು ಕಟ್ಟಿಟ್ಟ ಹಳೆಯ ನಾಣ್ಯಗಳಿವೆಯೇ? ಸಾಲಗುಂದ, ಸಿಂಧನೂರು ಕಡೆಯ ಮನೆಗಳಲ್ಲಿ ಇದು ಹೊಸದಲ್ಲ. 1948ರ ವರೆಗೆ ನಮ್ಮ ರಾಯಚೂರು ಸೀಮೆ ನಿಜಾಮರ ಆಡಳಿತದಲ್ಲಿತ್ತು. ಅಂದಿನ ಹಾಲಿ ಸಿಕ್ಕಾ ಮತ್ತು ಇಂಗ್ಲಿಷರ ರೂಪಾಯಿ ಒಂದೇ ಗಂಟಿನಲ್ಲಿ ಉಳಿದುಬಂದಿವೆ. ಇವನ್ನು ಮಾರುವವರೂ ಕೊಳ್ಳುವವರೂ ಈಗ ಹೆಚ್ಚುತ್ತಿದ್ದಾರೆ, ಜೊತೆಗೆ ಮೋಸವೂ.

ನಾಣ್ಯ ಎಲ್ಲಿ ಅಚ್ಚಾಯಿತು ಎಂದು ಹೇಳುವ ಪುಟ್ಟ ಚಿಹ್ನೆಯೇ ಟಂಕಸಾಲೆಯ ಗುರುತು. ಇಂದಿನ ನಾಣ್ಯದಲ್ಲಿ ಇಸವಿಯ ಕೆಳಗೆ ನೋಡಿ. ವಜ್ರದಾಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕಲ್ಕತ್ತಾ. ನಕ್ಷತ್ರ ಬರುವ ಮೊದಲು ಹೈದರಾಬಾದಿನವರು ನಡುವೆ ಸೀಳಿದ ವಜ್ರ, ಚುಕ್ಕೆಯಿರುವ ವಜ್ರ ಬಳಸಿದ್ದೂ ಉಂಟು. 1940ರ ದಶಕದಲ್ಲಿ ಲಾಹೋರಿನ ನಾಣ್ಯಕ್ಕೆ 'ಎಲ್' ಅಕ್ಷರವಿತ್ತು.

ಒಂದೇ ವರ್ಷ ಒಂದು ಟಂಕಸಾಲೆ ಕೋಟಿಗಟ್ಟಲೆ, ಇನ್ನೊಂದು ಕೆಲವೇ ನಾಣ್ಯ ಅಚ್ಚು ಮಾಡಿರಬಹುದು. ಆಗ ಬೆಲೆಯೆಲ್ಲ ಆ ಚಿಹ್ನೆಯಲ್ಲೇ ನಿಲ್ಲುತ್ತದೆ. ಆದ್ದರಿಂದಲೇ ಮೋಸಗಾರರು ಚಿಹ್ನೆಯನ್ನು ಕೆರೆದು ತೆಗೆಯುತ್ತಾರೆ, ಇಲ್ಲವೇ ಹೊಸದಾಗಿ ಸೇರಿಸುತ್ತಾರೆ. ಇಸವಿಗೂ ಇದೇ ಗತಿ. 1939ರ ಬೆಳ್ಳಿ ರೂಪಾಯಿ ಬಲು ಅಪರೂಪ. ಹಾಗಾಗಿ 1938ರ ಎಂಟನ್ನು ತಿದ್ದಿ ಒಂಬತ್ತು ಮಾಡುವವರಿದ್ದಾರೆ.

ತೂಕ ನೋಡಿದರೆ ಸಾಲದೇ ಎಂದು ಕೇಳಬಹುದು. ಆ ಕಾಲದ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಪೂರಾ ನಕಲಿಯಾದರೆ ತಕ್ಕಡಿಯಲ್ಲಿ ಸಿಕ್ಕಿಬೀಳಬಹುದು. ಆದರೆ ಅಸಲಿ ನಾಣ್ಯದ ಚುಕ್ಕೆಯನ್ನಷ್ಟೇ ತಿದ್ದಿದರೆ ತೂಕ ಬದಲಾಗುವುದಿಲ್ಲ. ಅದಕ್ಕೆ ಕಣ್ಣೇ ಬೇಕು.

ಭೂತಗನ್ನಡಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನಾಣ್ಯವನ್ನು ತಿರುಗಿಸಿ. ಕೆರೆದು ತೆಗೆದಿದ್ದರೆ ಆ ಜಾಗ ತಗ್ಗಾಗಿರುತ್ತದೆ, ಸಣ್ಣ ಗೀರುಗಳಿರುತ್ತವೆ, ಹೊಳಪು ಸುತ್ತಲಿನಂತೆ ಇರುವುದಿಲ್ಲ. ಅಂಟಿಸಿದ್ದರೆ ಬುಡದಲ್ಲಿ ಸಣ್ಣ ಗೆರೆ ಕಾಣುತ್ತದೆ. ಕೊರೆದು ಎಬ್ಬಿಸಿದ್ದರೆ ಚಿಹ್ನೆಯ ಸುತ್ತ ಹಳ್ಳವಿರುತ್ತದೆ. ಸವೆತವನ್ನೂ ಗಮನಿಸಿ. ಇಡೀ ನಾಣ್ಯ ಸವೆದಿದ್ದು ಚುಕ್ಕೆ ಮಾತ್ರ ಹೊಸದಾಗಿ ಎದ್ದು ನಿಂತಿದ್ದರೆ ಸಂಶಯಪಡಿ. ಅದೇ ವರ್ಷದ ಅಸಲಿ ನಾಣ್ಯವನ್ನು ಪಕ್ಕದಲ್ಲಿಟ್ಟು ಚಿಹ್ನೆಯ ಜಾಗ, ಗಾತ್ರ ಹೋಲಿಸಿ ನೋಡುವುದು ಎಲ್ಲಕ್ಕಿಂತ ಉತ್ತಮ. ಹುಣಸೆಹಣ್ಣು, ಬೂದಿ ಹಾಕಿ ಮಾತ್ರ ಉಜ್ಜಬೇಡಿ. ಬೆಲೆಯೂ ಹೋಗುತ್ತದೆ, ಸಾಕ್ಷಿಯೂ ಹೋಗುತ್ತದೆ.

ಹಾಲಿ ಸಿಕ್ಕಾ ಓದಲು ಅರಬಿ ಅಕ್ಷರ ಬಲ್ಲ ನಿಮಗೆ ಕಷ್ಟವಿಲ್ಲ. ಚಾರ್ಮಿನಾರಿನ ಬಾಗಿಲಲ್ಲಿ 'ಮೀಮ್' ಇದ್ದರೆ ಅದು ಮಹಬೂಬ್ ಅಲಿ ಖಾನರ ಕಾಲದ್ದು, 'ಐನ್' ಇದ್ದರೆ ಉಸ್ಮಾನ್ ಅಲಿ ಖಾನರದ್ದು. ಇದು ಟಂಕಸಾಲೆಯ ಗುರುತಲ್ಲ, ಅರಸರ ಹೆಸರಿನ ಮೊದಲ ಅಕ್ಷರ. ಇಸವಿ ಹಿಜರಿಯಲ್ಲಿರುತ್ತದೆ. ಅಕ್ಷರಕ್ಕೂ ಇಸವಿಗೂ ತಾಳೆಯಾಗದಿದ್ದರೆ ಕೊಳ್ಳುವ ಮುನ್ನ ಬಲ್ಲವರಿಗೆ ತೋರಿಸಿ.

ಇತ್ತೀಚೆಗೆ ನಮ್ಮ ಮದ್ರಸಾದ ಮಗುವೊಂದರ ತಾಯಿ ಕೇಳಿದರು: "ಆಪಾ, ನನ್ನ ಹತ್ರ ಇರೋ ನಾಣ್ಯಕ್ಕೆ ಮೂರು ಲಕ್ಷ ಕೊಡ್ತಾರಂತೆ. ಮೊದಲು ಎರಡು ಸಾವಿರ ಕಟ್ಟಬೇಕಂತೆ, ಕಟ್ಟಲೇ?" ಬೇಡವೆಂದೆ. ಹಳೆಯ ನಾಣ್ಯ, ನೋಟುಗಳ ಮಾರಾಟಕ್ಕೆ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು.

ಇನ್ನೊಂದು ಮಾತು. ನಿಮ್ಮ ಕೈಗೆ ತಿದ್ದಿದ ನಾಣ್ಯ ಬಂತೆಂದುಕೊಳ್ಳಿ. ಅದನ್ನು ಸುಮ್ಮನೆ ಇನ್ನೊಬ್ಬರಿಗೆ ದಾಟಿಸಿದರೆ ನಮ್ಮ ನಷ್ಟ ತುಂಬಬಹುದು, ಆದರೆ ಮೋಸ ನಮ್ಮದಾಗುತ್ತದೆ. ಒದ್ದೆ ಧಾನ್ಯವನ್ನು ಒಣ ರಾಶಿಯ ಕೆಳಗಿಟ್ಟ ವ್ಯಾಪಾರಿಯನ್ನು ಪ್ರವಾದಿ(ಸ) ಎಚ್ಚರಿಸಿದ್ದು ನಮಗೆಲ್ಲ ಗೊತ್ತು. ದೋಷ ಕಂಡರೆ ಬಾಯಿಬಿಟ್ಟು ಹೇಳಿ, ಬೆಳ್ಳಿಯ ಬೆಲೆಗಷ್ಟೇ ಮಾರಿ. ಆ ಹಣ ಕಡಿಮೆಯಾದರೂ ಮನೆಗೆ ಬರುವುದು ಹಲಾಲಾಗಿ.