ಮನೆಯ ರೂಮಿಗೂ ತೆರಿಗೆ ವಿನಾಯಿತಿ ಬೇಕೇ?

ಮುಂದಿನ ರೂಮಿನಲ್ಲಿ ಹೊಲಿಗೆ ಮಷಿನ್. ದಿನವಿಡೀ ಅಲ್ಲೇ ಕೆಲಸ. ಹಾಗಾದರೆ ಆ ರೂಮಿನ ಬಾಡಿಗೆ, ಕರೆಂಟ್ ಬಿಲ್ಲನ್ನು ತೆರಿಗೆ ಲೆಕ್ಕದಲ್ಲಿ ಕಳೆಯಬಹುದಲ್ವಾ? ಕೋಲಾರದಲ್ಲಿ ಬ್ಲೌಸ್ ಹೊಲಿಯುವವರು, ಮುಳಬಾಗಿಲಿನಲ್ಲಿ ಟ್ಯೂಷನ್ ಹೇಳುವವರು, ಶ್ರೀನಿವಾಸಪುರದಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಮಾರುವವರು, ಎಲ್ಲರಿಗೂ ಬರಬಹುದಾದ ಪ್ರಶ್ನೆ ಇದು.

ಕಳೆಯಬಹುದು, ನಿಜ. ಸ್ವಂತ ವ್ಯವಹಾರಕ್ಕೆ ಬಳಸುವ ಭಾಗದ ಬಾಡಿಗೆ, ರಿಪೇರಿ, ಕರೆಂಟ್ ಖರ್ಚು ತೋರಿಸಲು ಕಾನೂನು ಬಿಡುತ್ತೆ. ಸ್ವಂತ ಮನೆಯಾದರೆ ಮಾತ್ರ ನಮಗೆ ನಾವೇ ಬಾಡಿಗೆ ಕೊಟ್ಟಂತೆ ಬರೆಯೋ ಹಾಗಿಲ್ಲ. ಬೆಂಗಳೂರಿನ ಕಂಪನಿ ಕೆಲಸವನ್ನು ಮಾಲೂರಿನ ಮನೆಯಲ್ಲೇ ಕೂತು ಮಾಡುವ ಯಜಮಾನರಿಗೆ ಈ ಸೌಲಭ್ಯವಿಲ್ಲ. ಸಂಬಳದಾರರಿಗೆ ಇರುವುದು ಸ್ಟ್ಯಾಂಡರ್ಡ್ ಡಿಡಕ್ಷನ್. ಹೊಸ ಪದ್ಧತಿಯಲ್ಲಿ 75,000 ರೂಪಾಯಿ.

ಆದರೆ ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ. ನಮಗೆ ತೆರಿಗೆ ಬೀಳುತ್ತಾ? 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇದೆ (ಷೇರು, ಸೈಟು ಮಾರಿದ ಲಾಭದ ಲೆಕ್ಕ ಬೇರೆ). ಇಲ್ಲದ ತೆರಿಗೆಯಲ್ಲಿ ಉಳಿಸುವುದೇನು?

ಇನ್ನೊಂದು ದಾರಿಯೂ ಇದೆ. ಸಣ್ಣ ವ್ಯವಹಾರದವರು ಪ್ರತಿ ಬಿಲ್ಲು ಜೋಡಿಸದೆ, ಒಟ್ಟು ವಹಿವಾಟಿನಲ್ಲಿ ಕನಿಷ್ಠ ಶೇ 8ನ್ನು ಲಾಭವೆಂದು ತೋರಿಸಬಹುದು. ಬ್ಯಾಂಕ್, ಯುಪಿಐ ಮೂಲಕ ಬಂದ ಹಣಕ್ಕೆ ಶೇ 6. ವರ್ಷಕ್ಕೆ 3,60,000 ರೂಪಾಯಿ ನಗದು ಬಂದರೆ ಶೇ 8 ಅಂದರೆ 28,800. ನಿಜವಾದ ಲಾಭ ಹೆಚ್ಚಿದ್ದರೆ ಅದನ್ನೇ ತೋರಿಸಬೇಕು. ಇದರಲ್ಲಿ ಖರ್ಚೆಲ್ಲ ಸೇರಿಹೋಯಿತು. ರೂಮಿನ ಬಾಡಿಗೆಯನ್ನು ಮತ್ತೆ ಕಳೆಯುವಂತಿಲ್ಲ. ಈ ಪದ್ಧತಿ ಹಿಡಿದು ನಡುವೆ ಬಿಟ್ಟರೆ 5 ವರ್ಷ ಮತ್ತೆ ಸೇರುವಂತಿಲ್ಲ. ಆದ್ದರಿಂದ ಒಂದು ರೂಮಿನ ಆಸೆಗೆ ಅವಸರ ಬೇಡ. ಲಾಭ 12 ಲಕ್ಷ ದಾಟಿ, ಖರ್ಚೂ ಜಾಸ್ತಿ ಇರುವವರು ಬಿಲ್ಲುಗಳನ್ನು ಹಿಡಿದು ಆಡಿಟರ್ ಹತ್ತಿರ ಹೋಗಲಿ.

ಹಾಗಂತ ಲೆಕ್ಕವನ್ನೇ ಬಿಡಬೇಡಿ. 'ನನ್ನದೇನು ಮಹಾ ಸಂಪಾದನೆ' ಎಂದು ದುಡ್ಡನ್ನು ಸಾಸಿವೆ ಡಬ್ಬಿಗೆ ಹಾಕುವುದು, ಇಲ್ಲವೇ ಯಜಮಾನರ ಲೆಕ್ಕಕ್ಕೆ ಸೇರಿಸುವುದು ನಮ್ಮ ಹಳೇ ಅಭ್ಯಾಸ. ಒಂದು ನೋಟ್‌ಬುಕ್, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ಇರಲಿ. ಹೊಸ ಪದ್ಧತಿಯಲ್ಲಿ ಆದಾಯ 4 ಲಕ್ಷ ದಾಟಿದರೆ, ತೆರಿಗೆ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಲೇಬೇಕು. ನಾಳೆ ಎರಡನೇ ಮಷಿನ್‌ಗೆ ಸಾಲ ಕೇಳಿದಾಗ ಬ್ಯಾಂಕಿನವರು ನೋಡುವುದು ಆ ಕಾಗದವನ್ನೇ.

ರೂಮಿನ ವಿನಾಯಿತಿ ಹೋದರೆ ಹೋಗಲಿ. ದುಡಿದದ್ದು ನಿಮ್ಮ ಹೆಸರಿನಲ್ಲೇ ಬರೆದಿರಲಿ.