ಅಡುಗೆಮನೆಗೂ ಒಂದು ಗಡಿ ಪಾಸು: ಕೇಂದ್ರ ಗೃಹ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಗೃಹ ಸಚಿವರಿಗೆ, ನವದೆಹಲಿ

ವಿಷಯ: ಲೋಂಗ್ವಾ ಗ್ರಾಮ ಮತ್ತು 2018ರಲ್ಲಿ ಕೊಟ್ಟ ಮಾತು

ಲೋಂಗ್ವಾ ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಅಂಚಿನ ಊರು. ಜಿಲ್ಲಾ ಕೇಂದ್ರದಿಂದ ನಲವತ್ತು ಚಿಲ್ಲರೆ ಕಿಲೋಮೀಟರು. ಬೆಟ್ಟದ ಏಣಿನ ಮೇಲೆ ಸಾಲಾಗಿ ಕೂತ ಮನೆಗಳ ನಡುವೆಯೇ ಭಾರತ ಮುಗಿದು ಮ್ಯಾನ್ಮಾರ್ ಶುರುವಾಗುತ್ತದೆ. ಎರಡೂ ಕಡೆ ಇರುವವರು ಕೊನ್ಯಾಕ್ ನಾಗಾಗಳು. ಮಾತು ಒಂದೇ, ಹಬ್ಬ ಒಂದೇ, ನಂಟಸ್ತಿಕೆಯೂ ಒಂದೇ. ಊರಿನ ವಂಶಪಾರಂಪರ್ಯದ ಮುಖ್ಯಸ್ಥರನ್ನು ಆಂಗ್ ಎನ್ನುತ್ತಾರೆ. ಅವರ ಮಾತು ಗಡಿಯ ಈಚೆಯ ಹಳ್ಳಿಗಳಲ್ಲಿ ನಡೆಯುವಂತೆ ಆಚೆಯ ಹಳ್ಳಿಗಳಲ್ಲೂ ನಡೆಯುತ್ತದೆ.

ಆ ಆಂಗ್ ಅವರ ಮನೆಯ ಮಧ್ಯದಲ್ಲೇ ಅಂತರರಾಷ್ಟ್ರೀಯ ಗಡಿ ಹಾದುಹೋಗಿದೆ. ಊಟ ಒಂದು ದೇಶದಲ್ಲಿ, ನಿದ್ದೆ ಇನ್ನೊಂದರಲ್ಲಿ ಎಂದು ಪ್ರವಾಸಿಗಳಿಗೆ ಹೇಳುವ ಮಾತು ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿದೆಯೆಂದರೆ ಈಗ ಅದು ಸವೆದ ನಾಣ್ಯ. ಬೆಂಗಳೂರಿನಿಂದ ಬೈಕಿನಲ್ಲಿ ಹೋಗುವ ಹುಡುಗರೂ ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಂಡು, ಅಲ್ಲಿ ಎರಡು ದೇಶದಲ್ಲಿ ಎರಡು ಕಾಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಫೋಟೊದಲ್ಲಿ ಕಾಣದ ಸಂಗತಿ ಬೇರೆ. ಕೊನ್ಯಾಕ್ ಮನೆಯಲ್ಲಿ ಬದುಕು ನಡೆಯುವುದು ಒಲೆಯ ಸುತ್ತ. ಒಲೆಯ ಮೇಲೆ ಬಿದಿರಿನ ಅಟ್ಟ ತೂಗುತ್ತದೆ, ಅದರ ಮೇಲೆ ಹೊಗೆಗೆ ಒಣಗುವ ಮಾಂಸ, ಕೆಳಗೆ ಮೋಟು ಮಣೆಗಳ ಮೇಲೆ ಕೂತ ಹಿರಿಯರು. ನ್ಯಾಯ, ಮದುವೆ, ಜಮೀನಿನ ಮಾತುಕತೆ ಎಲ್ಲವೂ ಅಲ್ಲೇ ತೀರ್ಮಾನ. ಮ್ಯಾನ್ಮಾರಿನ ಗಡಿಯಾರ ಭಾರತದ್ದಕ್ಕಿಂತ ಒಂದು ಗಂಟೆ ಮುಂದೆ. ಒಂದೇ ಸೂರಿನಡಿ ಗೋಡೆಯ ಈಚೆ ಎಂಟು ಗಂಟೆಯಾದರೆ ಆಚೆ ಕಾನೂನಿನ ಪ್ರಕಾರ ಒಂಬತ್ತು. ಊರಿನವರು ಇದಕ್ಕೆ ತಲೆ ಕೆಡಿಸಿಕೊಂಡಿಲ್ಲ.

ಈ ಗೆರೆ ಊರಿನವರು ಎಳೆದದ್ದಲ್ಲ. 1826ರಲ್ಲಿ ಬರ್ಮಾ (ಇಂದಿನ ಮ್ಯಾನ್ಮಾರ್) ಜೊತೆ ಆದ ಯಾಂಡಬೂ ಒಪ್ಪಂದದ ಬಳಿಕ ಈಸ್ಟ್ ಇಂಡಿಯಾ ಕಂಪನಿ ಈ ಬೆಟ್ಟಗಳತ್ತ ಕಣ್ಣು ಹಾಕಿತು. 1937ರಲ್ಲಿ ಬರ್ಮಾ ಬ್ರಿಟಿಷ್ ಇಂಡಿಯಾದಿಂದ ಬೇರೆಯಾಯಿತು. ಸ್ವತಂತ್ರ ದೇಶಗಳೆರಡೂ 1967ರ ಮಾರ್ಚ್ 10ರಂದು ಗಡಿ ಒಪ್ಪಂದಕ್ಕೆ ಸಹಿ ಹಾಕಿದವು, ಆಮೇಲೆ ಲೋಂಗ್ವಾದ ಗುಡ್ಡದ ಮೇಲೆ 154ನೇ ಸಂಖ್ಯೆಯ ಗಡಿಕಂಬ ಬಂತು. ಕಂಬಕ್ಕಿಂತ ಊರು ಹಳೆಯದು. ಅಳತೆಗೆ ಬಂದವರು ಮನೆಯ ಯಜಮಾನರ ಅಭಿಪ್ರಾಯ ಕೇಳುವ ಪದ್ಧತಿ ಆಗಲೂ ಇರಲಿಲ್ಲ. 1953ರ ಮಾರ್ಚ್‌ನಲ್ಲಿ ನೆಹರೂ ಮತ್ತು ಬರ್ಮಾದ ಪ್ರಧಾನಿ ಊ ನು ಒಟ್ಟಿಗೆ ಕೊಹಿಮಾಕ್ಕೆ ಬಂದಿದ್ದರು. ನಾಗಾ ಮುಖಂಡರು ತಮ್ಮ ಮನವಿಯನ್ನು ಅವರ ಮುಂದಿಡಲು ಅಧಿಕಾರಿಗಳು ಬಿಡಲಿಲ್ಲ. ಸೇರಿದ್ದ ಜನ ಸಭೆಯಿಂದ ಎದ್ದು ನಡೆದರು. ಎಪ್ಪತ್ತು ವರ್ಷದ ಹಿಂದಿನ ಈ ಪ್ರಸಂಗವನ್ನು ಇಲ್ಲಿ ನೆನೆಯಲು ಕಾರಣವಿದೆ, ಅದು ಮುಂದೆ ತಿಳಿಯುತ್ತದೆ.

ಗೆರೆ ಎಳೆದವರಿಗೂ ಒಂದು ವಿಷಯ ಗೊತ್ತಿತ್ತು: ಗದ್ದೆ ಆಚೆ, ಕಣಜ ಈಚೆ ಇರುವ ಜನಕ್ಕೆ ಪಾಸ್‌ಪೋರ್ಟ್ ಕೇಳಿ ಪ್ರಯೋಜನವಿಲ್ಲ. ಅದಕ್ಕೇ ಗಡಿಯ ಬುಡಕಟ್ಟುಗಳಿಗೆ ಮುಕ್ತ ಓಡಾಟದ ವ್ಯವಸ್ಥೆ ಹುಟ್ಟಿತು. ಮೊದಲು ಗಡಿಯಿಂದ 40 ಕಿ.ಮೀ. ವರೆಗೆ ಹೋಗಿಬರಬಹುದಿತ್ತು. 2004ರಲ್ಲಿ ಅದು 16 ಕಿ.ಮೀ.ಗೆ ಇಳಿಯಿತು. ಆಚೆ ಕಡೆಯ ಮಕ್ಕಳು ಲೋಂಗ್ವಾದ ಶಾಲೆಗೆ ಬರುವುದು, ಬಾಣಂತಿಯರನ್ನೂ ಜ್ವರ ಬಂದವರನ್ನೂ ಈಚೆಗೆ ಹೊತ್ತು ತರುವುದು, ಉಪ್ಪು, ಬಟ್ಟೆ, ಮಾತ್ರೆ ಕೊಂಡು ಸಂಜೆಗೆ ಮರಳುವುದು ಇವೆಲ್ಲ ಈ ವ್ಯವಸ್ಥೆಯ ನೆರಳಲ್ಲಿ ನಡೆದವು. ಆಚೆಯ ಲಾಹೆ ಪ್ರದೇಶದ ಹಲವು ಹಳ್ಳಿಗಳಿಗೆ ಹತ್ತಿರದ ಅಂಗಡಿ, ಹತ್ತಿರದ ವೈದ್ಯರು ಎರಡೂ ಭಾರತದಲ್ಲೇ.

ಈಗ ಕೊಟ್ಟ ಮಾತಿನ ವಿಷಯ. 2018ರ ಜನವರಿಯಲ್ಲಿ ಕೇಂದ್ರ ಸಂಪುಟ ಮ್ಯಾನ್ಮಾರ್ ಜೊತೆಗಿನ ಭೂಗಡಿ ದಾಟುವಿಕೆಯ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಸಹಿಯಾಯಿತು. ಗಡಿಯಲ್ಲಿ ಮುಕ್ತವಾಗಿ ಓಡಾಡಿ ರೂಢಿಯಾದ ಬುಡಕಟ್ಟು ಜನರ ಪಾರಂಪರಿಕ ಹಕ್ಕುಗಳನ್ನು ಈ ಒಪ್ಪಂದ ಕಾಪಾಡುತ್ತದೆ ಎಂದು ಸರ್ಕಾರವೇ ಪ್ರಕಟಣೆ ಹೊರಡಿಸಿತು. ಕಾಪಾಡುತ್ತದೆ ಎಂಬ ಪದ ಯಾವ ವಿರೋಧ ಪಕ್ಷದವರು ಸೇರಿಸಿದ್ದೂ ಅಲ್ಲ. ಅಂದಿನ ಸರ್ಕಾರದ ಪ್ರಧಾನಿಯೇ ಇಂದಿನ ಸರ್ಕಾರಕ್ಕೂ ಪ್ರಧಾನಿ.

ಆರು ವರ್ಷ ಕಳೆದು, 2024ರ ಫೆಬ್ರವರಿ 6ರಂದು 1,643 ಕಿ.ಮೀ. ಗಡಿಯುದ್ದಕ್ಕೂ ಬೇಲಿ ಹಾಕುವ ಘೋಷಣೆ ಬಂತು. ಎರಡೇ ದಿನಕ್ಕೆ ಮುಕ್ತ ಓಡಾಟದ ವ್ಯವಸ್ಥೆ ರದ್ದು ಎಂಬ ಘೋಷಣೆ. ದೇಶದ ಒಳಭದ್ರತೆ ಮತ್ತು ಈಶಾನ್ಯದ ಜನಸಂಖ್ಯೆಯ ಸ್ವರೂಪವನ್ನು ಉಳಿಸುವುದು ಸಚಿವರು ಕೊಟ್ಟ ಕಾರಣ. ಈ ಕಾರಣಗಳನ್ನು ಹುಸಿ ಎನ್ನುವಂತಿಲ್ಲ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಸಾವಿರಾರು ಜನ ಗಡಿ ದಾಟಿ ಮಿಜೋರಾಂ, ಮಣಿಪುರ ಸೇರಿದ್ದಾರೆ. 2023ರ ಮೇಯಿಂದ ಮಣಿಪುರ ಹೊತ್ತಿ ಉರಿದಿದೆ. ಮಾದಕ ವಸ್ತು, ಬಂದೂಕು, ಶಸ್ತ್ರಧಾರಿ ಗುಂಪುಗಳು ಈ ಗಡಿಯಲ್ಲಿ ಓಡಾಡುವುದೂ ನಿಜ. ಆದರೆ ಬಂದೂಕು ಸಾಗಿಸುವವನು 16 ಕಿ.ಮೀ. ನಿಯಮ ನೋಡಿ ಬಂದವನಲ್ಲ, ಆಮೇಲೆ ಬಂದ 10 ಕಿ.ಮೀ. ನಿಯಮ ನೋಡಿ ನಿಲ್ಲುವವನೂ ಅಲ್ಲ. ನಿಯಮಕ್ಕೆ ಸಿಕ್ಕಿಬೀಳುವವರು ಸೌದೆ ಹೊರೆ ಹೊತ್ತವರು, ಸಾವಿನ ಮನೆಗೆ ಹೊರಟವರು.

2024ರ ಕೊನೆಗೆ, ಪೂರ್ತಿ ರದ್ದತಿಯ ಬದಲು ಹೊಸ ನಿಯಮ ಬಂತು. ಮಿತಿ 10 ಕಿ.ಮೀ. ಒಟ್ಟು 43 ಕಡೆ ಮಾತ್ರ ದಾಟಬಹುದು. ತಾನು ಗಡಿಯ ಹತ್ತು ಕಿಲೋಮೀಟರಿನ ಒಳಗಿನವನು ಎಂಬುದಕ್ಕೆ ದಾಖಲೆ ತೋರಿಸಬೇಕು, ಬೆರಳಚ್ಚು ಕೊಡಬೇಕು, ಅಸ್ಸಾಂ ರೈಫಲ್ಸ್ ಕೊಡುವ ಕ್ಯೂಆರ್ ಕೋಡ್ ಇರುವ ಪಾಸು ಹಿಡಿಯಬೇಕು. ಇರಬಹುದಾದ ಅವಧಿ ಏಳು ದಿನ. 2018ರ ವ್ಯವಸ್ಥೆಯಲ್ಲಿ ಒಂದು ಪಾಸು ವರ್ಷವಿಡೀ ನಡೆಯುತ್ತಿತ್ತು, ಎರಡು ವಾರ ಇರಬಹುದಿತ್ತು. ಹನ್ನೆರಡು ಕಿಲೋಮೀಟರು ಆಚೆಗೆ ಮಗಳನ್ನು ಕೊಟ್ಟ ಮನೆಯವರಿಗೆ ಈ ಲೆಕ್ಕದ ಅರ್ಥ ಬಿಡಿಸಿ ಹೇಳಬೇಕಿಲ್ಲ: ಮದುವೆಯ ದಿನ ನಂಟರಾಗಿದ್ದವರು ಈಗ ಪರದೇಶದವರು. ಅದಿರಲಿ, ಮಲಗುವ ಕೋಣೆಯಿಂದ ಒಲೆಯ ಬಳಿಗೆ ಹೋಗುವವರು 43ರಲ್ಲಿ ಯಾವ ದ್ವಾರಕ್ಕೆ ಹೋಗಿ ಬೆರಳು ಒತ್ತಬೇಕು? ಇದು ಗೇಲಿಯ ಪ್ರಶ್ನೆಯಲ್ಲ. ಗೆರೆ ಮನೆಯೊಳಗಿದೆ ಎಂದ ಮೇಲೆ ನಿಯಮ ಬರೆದವರು ಇದಕ್ಕೂ ಒಂದು ಸಾಲು ಬರೆಯಬೇಕಿತ್ತು.

ಸದ್ದಿಲ್ಲದೆ ಕೇಳುವ ದಾರಿಗಳೆಲ್ಲ ಆಗಿವೆ. ಊರಿನವರು ಹೇಳಿದರು, ನಾಗಾ ಸಂಘಟನೆಗಳು ಮನವಿ ಕೊಟ್ಟವು. ಮಿಜೋರಾಂ ವಿಧಾನಸಭೆ 2024ರ ಫೆಬ್ರವರಿ 28ರಂದು, ನಾಗಾಲ್ಯಾಂಡ್ ವಿಧಾನಸಭೆ ಮಾರ್ಚ್ 1ರಂದು ಬೇಲಿಯನ್ನೂ ರದ್ದತಿಯನ್ನೂ ವಿರೋಧಿಸಿ ನಿರ್ಣಯ ಮಾಡಿದವು. ನಾಗಾಲ್ಯಾಂಡ್ ಸರ್ಕಾರದಲ್ಲಿ ಕೇಂದ್ರದ ಆಡಳಿತ ಪಕ್ಷವೂ ಪಾಲುದಾರ. ಎರಡು ಚುನಾಯಿತ ಸದನಗಳ ಮಾತಿಗೆ ಸಿಕ್ಕಿದ ಫಲ 16ರ ಜಾಗದಲ್ಲಿ 10. 1953ರಲ್ಲಿ ಮನವಿಪತ್ರ ಕೊಡಲು ಬಿಡಲಿಲ್ಲ. ಈಗ ಕೊಡಲು ಬಿಡುತ್ತಾರೆ, ಓದುವುದಿಲ್ಲ. ಸುಧಾರಣೆ ಎಂದರೆ ಇಷ್ಟೇ.

ಲೋಂಗ್ವಾ ಒಂದೇ ಅಲ್ಲ. ಮಿಜೋ ಜನರ ನಂಬಿಕೆಯಲ್ಲಿ ಸತ್ತವರ ಆತ್ಮ ಹಾದುಹೋಗುವ ರಿಹ್ ದಿಲ್ ಸರೋವರ ಇರುವುದು ಮ್ಯಾನ್ಮಾರಿನಲ್ಲಿ, ಮಿಜೋರಾಂನ ಗಡಿ ಊರು ಜೋಖಾವ್ತಾರ್‌ನ ಹೊಳೆ ದಾಟಿದರೆ ಸ್ವಲ್ಪ ದೂರ. ಮಿಜೋರಾಂನ ಅತಿ ದೊಡ್ಡ ಕೆರೆ ಮ್ಯಾನ್ಮಾರಿನಲ್ಲಿದೆ ಎಂದು ಅಲ್ಲಿನವರು ನಗುತ್ತ ಹೇಳುತ್ತಾರೆ. ಆತ್ಮಗಳಿಗೆ ಪಾಸು ಬೇಕೋ ಬೇಡವೋ ಎಂಬುದನ್ನೂ ಸಚಿವಾಲಯ ಇನ್ನೊಂದು ಸುತ್ತೋಲೆಯಲ್ಲಿ ತಿಳಿಸಬಹುದು. ಬೇಲಿ ಮತ್ತು ಗಡಿರಸ್ತೆಗೆ ಸುಮಾರು 31,000 ಕೋಟಿ ರೂಪಾಯಿ ಎಂದು ವರದಿಯಾಗಿದೆ. ಕಿಲೋಮೀಟರಿಗೆ ಹದಿನೆಂಟು ಕೋಟಿಗೂ ಮೇಲಾಯಿತು. ಇದೇ ಬೆಟ್ಟಗಳಲ್ಲಿ ಮಳೆಗೆ ಕೊಚ್ಚಿಹೋಗುವ ರಸ್ತೆಗೆ ಹಣ ಕೇಳಿದಾಗ ಇಂಥ ಧಾರಾಳ ಯಾವತ್ತೂ ಕಂಡದ್ದಿಲ್ಲ. ದೆಹಲಿಗೆ ಈಶಾನ್ಯ ನೆನಪಾಗುವುದು ಅಲ್ಲಿ ಏನನ್ನಾದರೂ ಮುಚ್ಚಬೇಕಾದಾಗ.

ಕೇಳುತ್ತಿರುವುದು ಹೆಚ್ಚೇನಲ್ಲ. ಲೋಂಗ್ವಾದಲ್ಲಿ ಬೇಲಿ ಎಲ್ಲಿ ಹಾದುಹೋಗುತ್ತದೆ ಎಂಬ ನಕ್ಷೆಯನ್ನು ಗೂಟ ಹೊಡೆಯುವ ಮೊದಲು ಊರಿನ ಮುಂದಿಡಬೇಕು. ಮನೆ, ಗದ್ದೆ, ಸ್ಮಶಾನ ಇವುಗಳ ನಡುವೆ ಬೇಲಿ ಬರುವುದಿಲ್ಲ ಎಂದು ಲಿಖಿತವಾಗಿ ತಿಳಿಸಬೇಕು. ಶಾಲೆಗೆ ಬರುವ ಮಗುವಿಗೂ ಆಸ್ಪತ್ರೆಗೆ ಬರುವ ರೋಗಿಗೂ ಪಾಸಿನ ತಾಪತ್ರಯ ಇರಬಾರದು. 16 ಕಿ.ಮೀ. ಮಿತಿಯನ್ನು ಮರಳಿ ತರಬೇಕು. ತರಲು ಮನಸ್ಸಿಲ್ಲದಿದ್ದರೆ, 2018ರ ಪ್ರಕಟಣೆಯಲ್ಲಿ ಕಾಪಾಡುತ್ತದೆ ಎಂದು ಬರೆದದ್ದು ತಪ್ಪಾಯಿತು ಎಂದು ಇನ್ನೊಂದು ಪ್ರಕಟಣೆ ಹೊರಡಿಸಬೇಕು. ಅದನ್ನು ಕೊನ್ಯಾಕ್ ಭಾಷೆಗೆ ಅನುವಾದಿಸಿ, ಒಬ್ಬ ಅಧಿಕಾರಿಯ ಕೈಯಲ್ಲಿ ಕಳಿಸಿ, ಆಂಗ್ ಅವರ ಮನೆಯ ಒಲೆಯ ಮುಂದೆ ಓದಿಸಬೇಕು. ಆ ಅಧಿಕಾರಿ ಒಲೆಯ ಯಾವ ಮಗ್ಗುಲಲ್ಲಿ ಕೂರಬೇಕು, ಅದಕ್ಕೆ ಪಾಸು ಬೇಕೇ ಎಂಬುದನ್ನು ಸಚಿವಾಲಯವೇ ಮೊದಲು ತೀರ್ಮಾನಿಸಿಕೊಳ್ಳಲಿ.