ಪರವಾನಗಿಯಲ್ಲಿ ಆಕಾಶಕ್ಕೂ ಸ್ಥಾನವಿರಲಿ

ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ ನಿಂತಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತ ಖಗೋಳಜ್ಞರು ಉಪಗ್ರಹ ಸಂಪರ್ಕದ ಮೂಲಕವೇ ನಡೆಸುತ್ತಾರೆಂಬುದನ್ನು ಬಲ್ಲವರಾರೂ ಉಪಗ್ರಹಗಳನ್ನು ವಿಜ್ಞಾನದ ವೈರಿಗಳೆಂದು ಜರೆಯಲಾರರು. 2022ರ ಜನವರಿಯಲ್ಲಿ ಜ್ವಾಲಾಮುಖಿಯ ಆಸ್ಫೋಟದಿಂದ ಸಮುದ್ರತಳದ ಕೇಬಲ್ಲು ತುಂಡಾಗಿ ಟೋಂಗಾ ದ್ವೀಪಸಮೂಹವು ಲೋಕಸಂಪರ್ಕವನ್ನು ಕಳೆದುಕೊಂಡಾಗ ಆಸರೆಯಾದುದೂ ಉಪಗ್ರಹವೇ. ನನ್ನ ತಕರಾರಿರುವುದು ಉಪಗ್ರಹ ಅಂತರಜಾಲ ಸೇವೆಗೆ ಪರವಾನಗಿ ಕೊಡುವವರು ಕೇಳದೆ ಬಿಡುವ ಪ್ರಶ್ನೆಗಳ ಬಗೆಗೆ.

ಭೂಸ್ಥಿರ ಕಕ್ಷೆಯ ಉಪಗ್ರಹವು 35,786 ಕಿಲೋಮೀಟರ್ ದೂರದಲ್ಲಿರುವುದರಿಂದ ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡಿನಷ್ಟು ಕಾಲ ಕಳೆಯುತ್ತದೆ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ, ಅಮೆರಿಕದ ಕಂಪನಿಯ ಅಂತರಜಾಲ ಉಪಗ್ರಹಗಳ ಸಮೂಹವಾದ ಸ್ಟಾರ್‌ಲಿಂಕ್‌ನಲ್ಲಿ ಈ ವಿಳಂಬ ನಗಣ್ಯ. ಆದರೆ ತಗ್ಗಿನ ಉಪಗ್ರಹಕ್ಕೆ ಭೂಮಿಯ ಕಿರಿದಾದೊಂದು ಭಾಗವಷ್ಟೇ, ಅದೂ ಕೆಲವೇ ನಿಮಿಷ, ಗೋಚರವಾಗುವುದರಿಂದ, ಒಂದು ಮರೆಯಾಗುವ ಮುನ್ನ ಮತ್ತೊಂದು ಉದಯಿಸಬೇಕು. 2019ರ ಮೇ ತಿಂಗಳಲ್ಲಿ 60ರಿಂದ ಮೊದಲಾದ ಈ ಮೆರವಣಿಗೆ ಈಗ ಹಲವು ಸಹಸ್ರಗಳನ್ನು ಮುಟ್ಟಿರುವುದು ಇದರಿಂದಲೇ.

ನಮಗೆ ಸೂರ್ಯ ಮುಳುಗಿದ ಮೇಲೂ ಆ ಎತ್ತರದಲ್ಲಿ ಬಿಸಿಲಿರುತ್ತದೆ. ಮಂದಕಾಂತಿಯ ಕಾಯವೊಂದರ ಬೆಳಕನ್ನು ನಿಮಿಷಗಟ್ಟಲೆ ಸಂಗ್ರಹಿಸುತ್ತಿರುವ ದೂರದರ್ಶಕದೆದುರು ಅಂಥದೊಂದು ಉಪಗ್ರಹ ಹಾಯ್ದರೆ, ಚಿತ್ರದ ಈ ಅಂಚಿನಿಂದ ಆ ಅಂಚಿನವರೆಗೆ ಬಿಳಿಯ ಗೀರು ಬಿದ್ದು, ಅದರಡಿಯ ಮಾಹಿತಿ ನಷ್ಟವಾಗುತ್ತದೆ. ಸೂರ್ಯನ ದಿಕ್ಕಿನ ಕ್ಷುದ್ರಗ್ರಹಗಳನ್ನು ಅರಸಲು ಒದಗುವುದಾದರೋ ಅದೇ ಮುಸ್ಸಂಜೆ, ಮುಂಜಾವುಗಳ ಹೊತ್ತು. ಮೈಗೆ ಕಪ್ಪು ಬಳಿದು, ಬಿಸಿಲಿಗೆ ಮರೆ ಕಟ್ಟಿ ಹೊಳಪನ್ನು ತಗ್ಗಿಸುವ ಪ್ರಯತ್ನಗಳು ನಡೆದಿರುವುದುಂಟು. ಅವು ಬಹುಮಟ್ಟಿಗೆ ಕಂಪನಿಯ ಸೌಜನ್ಯ, ಮತ್ತು ಸೌಜನ್ಯವನ್ನು ನ್ಯಾಯಾಲಯದಲ್ಲಿ ಕೇಳಿ ಪಡೆಯಲಾಗದು.

ಇದು ಅಮೆರಿಕದವರ ಗೊಡವೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್ ತಿಂಗಳುಗಳಲ್ಲಿ ಒನ್‌ವೆಬ್ ಎಂಬ ಇಂಥದೇ ಮತ್ತೊಂದು ಸಮೂಹದ ತಲಾ 36 ಉಪಗ್ರಹಗಳನ್ನು ಶ್ರೀಹರಿಕೋಟೆಯಿಂದ ಹಾರಿಸಿದುದು ನಮ್ಮ ಇಸ್ರೋ. ಅವು ಸುತ್ತುವ 1,200 ಕಿಲೋಮೀಟರ್ ಎತ್ತರದಲ್ಲಿ ವಾಯುವಿನ ತಡೆ ಇಲ್ಲವೆನ್ನುವಷ್ಟು ಕಡಮೆಯಾದುದರಿಂದ, ಕೆಟ್ಟುನಿಂತದ್ದು ತಾನಾಗಿ ಕೆಳಗಿಳಿಯಲು ಶತಮಾನಗಳೇ ಬೇಕು. 2025ರಲ್ಲಿ ಸ್ಟಾರ್‌ಲಿಂಕ್‌ಗೂ ನಮ್ಮ ದೂರಸಂಪರ್ಕ ಇಲಾಖೆಯ ಪರವಾನಗಿ ದೊರೆಯಿತು. ಆ ಸಂದರ್ಭದ ಚರ್ಚೆಯೆಲ್ಲ ಹೆಚ್ಚಾಗಿ ತರಂಗಾಂತರದ ಬೆಲೆ ಮತ್ತು ದೇಶದ ಭದ್ರತೆಗಳ ಸುತ್ತಲೇ ತಿರುಗಿತು. ಅವೆರಡೂ ಯುಕ್ತವಾದ ಚಿಂತೆಗಳೇ. ಅವುಗಳೊಡನೆ, ಉಪಗ್ರಹವು ಬರಿಗಣ್ಣಿಗೆ ಕಾಣದಷ್ಟು ಮಂದವಾಗಿರತಕ್ಕದ್ದು, ಆಯುಷ್ಯ ಮುಗಿದ ಐದು ವರ್ಷಗಳೊಳಗೆ ಕಕ್ಷೆಯಿಂದ ಇಳಿಯತಕ್ಕದ್ದು ಎಂಬ ಎರಡು ಷರತ್ತುಗಳನ್ನು ಇಲಾಖೆಯು ಮುಂದಿನ ಪರವಾನಗಿಗಳಲ್ಲಿ ಸೇರಿಸಬೇಕು. ಇಷ್ಟು ದೊಡ್ಡ ಮಾರುಕಟ್ಟೆಯ ಬಾಗಿಲಲ್ಲಿ ನಿಂತವರು ಇದನ್ನು ಒಪ್ಪದೆ ಹಿಂದಿರುಗಲಾರರು.